ಯಂತ್ರಶುದ್ಧಿಯ ವೆಚ್ಚ: ಬಿಲ್ಲಿನಲ್ಲಿ ಕಾಣದ ಸಾಲು

ಸಣ್ಣ ಉದ್ದಿಮೆಗಳ ವಾರ್ಷಿಕ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ವಿದ್ಯುತ್, ಕೂಲಿ, ಬಾಡಿಗೆ, ರಿಪೇರಿ, ಸಾಗಾಣಿಕೆ ಎಂಬ ಶೀರ್ಷಿಕೆಗಳು ತಪ್ಪದೇ ಕಣ್ಣಿಗೆ ಬೀಳುತ್ತವೆ. ಯಂತ್ರಗಳನ್ನು ತೊಳೆದು ಶುದ್ಧಗೊಳಿಸಿದ ವೆಚ್ಚಕ್ಕೆ ಮಾತ್ರ ಪ್ರತ್ಯೇಕ ಶೀರ್ಷಿಕೆ ಇರುವುದಿಲ್ಲ. ಸೋಪು, ಸೋಡಾ, ಪೊರಕೆ, ಕಾಟನ್ ವೇಸ್ಟ್ ಇವೆಲ್ಲ ‘ಇತರೆ ಖರ್ಚು’ ಎಂಬ ಗೋಣಿಚೀಲದೊಳಗೆ ಸೇರಿಹೋಗುತ್ತವೆ. ತೊಳೆಯಲು ತಗುಲಿದ ವೇಳೆಯಂತೂ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಲೆಕ್ಕದಲ್ಲಿ ಇಲ್ಲದ ವೆಚ್ಚವು ದರದಲ್ಲಿಯೂ ಇರಲಾರದು. ದರದಲ್ಲಿ ಇಲ್ಲದ ಕೆಲಸವು ಕಾಲಕ್ರಮದಲ್ಲಿ ನಡೆಯದೇ ನಿಂತುಹೋಗುತ್ತದೆ. ಆಹಾರ ಮತ್ತು ಗಿಡಮೂಲಿಕೆ ಸಂಸ್ಕರಣೆಯ ಅನೇಕ ಘಟಕಗಳಲ್ಲಿ ಇಂದು ಆಗಿರುವುದು ಇದೇ.

ಈ ವಿಷಯವನ್ನು ಈಗ ಪ್ರಸ್ತಾಪಿಸಲು ಕಾರಣವಿದೆ. ಕೂಲಿ ಆಧಾರದ ಮೇಲೆ ಎಣ್ಣೆ ತೆಗೆದುಕೊಡುವ ಗಾಣ ಹಾಗೂ ಎಕ್ಸ್‌ಪೆಲ್ಲರ್ ಘಟಕಗಳಿಗೆ ಶೇಂಗಾ, ಕುಸುಬಿ, ಅಗಸೆ, ಎಳ್ಳುಗಳ ಜೊತೆಗೆ ಹೆಂಪ್ ಬೀಜವೆಂಬ ಹೊಸ ಸರಕೂ ಬರುವ ಕಾಲ ಒದಗಿದೆ. ನಮ್ಮ ಆಡುಮಾತಿನಲ್ಲಿ ಹೇಳುವುದಾದರೆ ಇದು ಭಂಗಿ ಬೀಜ. ಕೆಲವರು ಇದನ್ನು ಸೆಣಬಿನ ಬೀಜವೆಂದು ಕರೆಯುವುದುಂಟು. ಚೀಲ ನೇಯುವ ಸೆಣಬು ಬೇರೆ, ಇದು ಬೇರೆ. ಇದು ಗಾಂಜಾ ಗಿಡದ ಕುಲಕ್ಕೇ ಸೇರಿದ ಸಸ್ಯದ ಬೀಜ. ಹೊಸ ಸರಕಿಗೆ ಹೆಚ್ಚಿನ ಕೂಲಿ ದೊರೆಯುವಾಗ ಬೇಡವೆನ್ನುವುದು ಸುಲಭವಲ್ಲ. ಆದರೆ ಈ ಸರಕು ಗಾಣದೊಳಗೆ ಕಾಲಿಟ್ಟ ಕ್ಷಣದಿಂದ ಯಂತ್ರಶುದ್ಧಿಯೆಂಬುದು ಅಚ್ಚುಕಟ್ಟುತನದ ಮಾತಾಗಿ ಉಳಿಯದೆ, ಕಾನೂನಿನ ಮತ್ತು ಬಂಡವಾಳದ ರಕ್ಷಣೆಯ ಮಾತಾಗುತ್ತದೆ ಎಂಬುದನ್ನು ಉದ್ದಿಮೆದಾರರು ಮನಗಾಣಬೇಕಾಗಿದೆ.

ಕಾನೂನು ಎಳೆದಿರುವ ಗೆರೆ

1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯಿದೆಯು ಗಾಂಜಾ ಎಂದರೆ ಈ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು ಎಂದು ವ್ಯಾಖ್ಯಾನಿಸಿದೆ. ತುದಿಗಳ ಜೊತೆಗೂಡಿರದ ಬೀಜ ಮತ್ತು ಎಲೆಗಳನ್ನು ಆ ವ್ಯಾಖ್ಯೆಯಿಂದ ಹೊರಗಿರಿಸಿದೆ. ‘ಜೊತೆಗೂಡಿರದ’ ಎಂಬ ಪದವನ್ನು ಓದುಗರು ಗಮನಿಸಬೇಕು. ಹಸನುಗೊಳಿಸಿದ ಬೀಜ ವ್ಯಾಪಾರದ ಸರಕು. ಹೂತುದಿಗಳು ಬೆರೆತ ಬೀಜವು ಆ ವಿನಾಯಿತಿಯ ಆಶ್ರಯವನ್ನು ಕಳೆದುಕೊಳ್ಳುತ್ತದೆ. ಇದೇ ಕಾಯಿದೆಯ 60ನೇ ಕಲಮು ಅಪರಾಧಕ್ಕೆ ಬಳಕೆಯಾದ ಸಾಮಗ್ರಿ, ಉಪಕರಣ, ಪಾತ್ರೆಗಳನ್ನು ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶ ನೀಡುತ್ತದೆ. ಸಾಲ ಮಾಡಿ ತಂದ ಯಂತ್ರ ಇನ್ನೊಬ್ಬರ ಸರಕಿನ ದೆಸೆಯಿಂದ ಮುಟ್ಟುಗೋಲಿನ ಪಟ್ಟಿಗೆ ಸೇರುವ ಸಾಧ್ಯತೆಯನ್ನು ಯಾವ ವರ್ತಕನೂ ಹಗುರವಾಗಿ ಕಾಣಲಾಗದು.

ಆಹಾರದ ಮಟ್ಟಿಗೆ ಹೇಳುವುದಾದರೆ, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರ ನವೆಂಬರ್ ತಿಂಗಳಿನಲ್ಲಿ ಹೆಂಪ್ ಬೀಜ, ಅದರ ಎಣ್ಣೆ ಹಾಗೂ ಹಿಟ್ಟನ್ನು ಆಹಾರವೆಂದು ಮಾನ್ಯ ಮಾಡಿತು. ಜೊತೆಗೇ ಮಿತಿಯನ್ನೂ ವಿಧಿಸಿತು. ಅಮಲು ತರುವ ಟಿ.ಎಚ್.ಸಿ. ಎಂಬ ಅಂಶವು ಬೀಜದಲ್ಲಿ ಕಿಲೋವೊಂದಕ್ಕೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ, ಬೀಜದಿಂದ ಮಾಡಿದ ಪಾನೀಯದಲ್ಲಿ 0.2 ಮಿಲಿಗ್ರಾಂ ಮೀರತಕ್ಕದ್ದಲ್ಲ. ಹೆಂಪ್ ಕೃಷಿಗೆ ಪರವಾನಗಿ ನೀಡುವ ಕ್ರಮವನ್ನು ಉತ್ತರಾಖಂಡ ರಾಜ್ಯವು 2018ರಲ್ಲಿ ಆರಂಭಿಸಿತು. ಆ ಗುಡ್ಡಗಾಡಿನ ಜನ ಭಂಗಿ ಬೀಜದ ಚಟ್ನಿಯನ್ನು ಬಹು ಹಿಂದಿನಿಂದ ಉಣ್ಣುತ್ತ ಬಂದವರು. ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಎಂಬ ಹೆಸರಿದೆ. ಬೀಜವನ್ನುಳಿದು ಭಂಗಾ ಎಂಬ ದ್ರವ್ಯವು ಔಷಧ ಮತ್ತು ಕಾಂತಿವರ್ಧಕ ನಿಯಮಗಳ ಶೆಡ್ಯೂಲ್ ಇ(1)ರಲ್ಲಿ, ಅಂದರೆ ಎಚ್ಚರಿಕೆಯಿಂದ ಬಳಸಬೇಕಾದ ದ್ರವ್ಯಗಳ ಪಟ್ಟಿಯಲ್ಲಿ ಸೇರಿದೆ. ಆಯುರ್ವೇದ ಔಷಧ ತಯಾರಕರು ಪಾಲಿಸಬೇಕಾದ ಉತ್ತಮ ತಯಾರಿಕಾ ಪದ್ಧತಿಯನ್ನು ಶೆಡ್ಯೂಲ್ ಟಿ ನಿಗದಿಪಡಿಸುತ್ತದೆ. ಬೀಜದ ವ್ಯವಹಾರ ಒಂದು, ಎಲೆಯ ವ್ಯವಹಾರ ಇನ್ನೊಂದು, ಹೂವಿನ ವ್ಯವಹಾರ ಮತ್ತೊಂದು. ಈ ಮೂರನ್ನೂ ಒಂದೇ ಎಂದು ತಿಳಿಯುವುದೂ ತಪ್ಪು, ಮೂರಕ್ಕೂ ಹೆದರಿ ಕೈಬಿಡುವುದೂ ತಪ್ಪು.

ಸಣ್ಣ ಪ್ರಮಾಣದ ದೊಡ್ಡ ಪರಿಣಾಮ

ಬೀಜದ ತಿರುಳಿನಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದು ಬರುವುದು ಬೀಜವನ್ನು ಕವಿದಿರುವ ಹೂಸೊಪ್ಪಿನ ಅಂಟಿನಿಂದ. ಈ ಅಂಟು ಬೀಜದ ಸಿಪ್ಪೆಗೆ ಮೆತ್ತಿಕೊಂಡು ಯಂತ್ರದೊಳಗೆ ಬರುತ್ತದೆ, ಲೋಹಕ್ಕೆ ಹಿಡಿದುಕೊಳ್ಳುತ್ತದೆ, ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ತಣ್ಣೀರು ಎರಚಿ ಒರೆಸಿದ ಮಾತ್ರಕ್ಕೆ ಹೋಗುವ ಕೊಳೆಯಲ್ಲ ಇದು.

ಅಂಕಿಗಳಲ್ಲಿ ನೋಡೋಣ. ಶೇ. 0.3ರಷ್ಟು ಟಿ.ಎಚ್.ಸಿ. ಇರುವ 100 ಗ್ರಾಂ ಹೂಸೊಪ್ಪಿನ ಚೂರು ಬೀಜದೊಡನೆ ಬಂದಿತೆಂದು ಇಟ್ಟುಕೊಳ್ಳಿ. ಅದರಲ್ಲಿ 300 ಮಿಲಿಗ್ರಾಂ ಅಂಶವಿದೆ. ಅದು ಪೂರ್ತಿಯಾಗಿ ಎಣ್ಣೆಗೆ ಇಳಿದರೆ 30 ಕಿಲೋ ಎಣ್ಣೆಯನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಲು ಸಾಕು. ಒಂದು ಬೊಗಸೆ ಕಸ ಎರಡು ಡಬ್ಬಿ ಎಣ್ಣೆಯ ಹಣೆಬರಹವನ್ನು ಬದಲಿಸಬಲ್ಲದು. ಹೆಂಪ್ ಎಣ್ಣೆಗಾದರೂ 10 ಮಿಲಿಗ್ರಾಂ ಎಂಬ ಮಿತಿಯಿದೆ; ಅದೇ ಗಾಣದಲ್ಲಿ ಮರುದಿನ ಹಿಂಡಿದ ಶೇಂಗಾ ಎಣ್ಣೆಗೆ ಅಂಥ ರಿಯಾಯಿತಿ ಇಲ್ಲ. ಮಕ್ಕಳಿಗೆಂದು ಕೊಂಡ ಎಣ್ಣೆಯಲ್ಲಿ ಇಂಥ ಅಂಶದ ಸುಳಿವು ದೊರೆತರೆ, ಪ್ರಮಾಣ ಎಷ್ಟೆಂದು ಕೇಳುವ ತಾಳ್ಮೆ ಸಂತೆಗೂ ಇರದು, ಸುದ್ದಿಮಾಧ್ಯಮಕ್ಕೂ ಇರದು.

ಈ ವಿಷಯದಲ್ಲಿ ಕೆನಡಾ ದೇಶದ ಕ್ರಮವನ್ನು ನೋಡುವುದು ಉಪಯುಕ್ತ. ಅಲ್ಲಿ ಕ್ಯಾನಬಿಸ್ ಕಾಯಿದೆಯು 2018ರ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಅದರ ನಿಯಮಗಳಲ್ಲಿ ಉತ್ತಮ ಉತ್ಪಾದನಾ ಪದ್ಧತಿಗೆಂದೇ ಒಂದು ಭಾಗವಿದೆ. ಯಂತ್ರಗಳು ಸಲೀಸಾಗಿ ತೊಳೆಯಬರುವಂತೆ ರಚಿತವಾಗಿರಬೇಕು. ಕಟ್ಟಡ ಮತ್ತು ಯಂತ್ರಗಳನ್ನು ಹೇಗೆ ಶುದ್ಧಗೊಳಿಸುವುದು, ಶುದ್ಧಿಗೆ ಬಳಸುವ ರಾಸಾಯನಿಕಗಳನ್ನು ಹೇಗೆ ನಿರ್ವಹಿಸುವುದು, ಕೆಲಸಗಾರರ ಆರೋಗ್ಯ ಮತ್ತು ನೈರ್ಮಲ್ಯ ಹೇಗಿರಬೇಕು ಎಂಬುದನ್ನು ಒಳಗೊಂಡ ನೈರ್ಮಲ್ಯ ಕಾರ್ಯಕ್ರಮ ಜಾರಿಯಲ್ಲಿರಬೇಕು ಎಂದು ಅದು ವಿಧಿಸಿತು. 2019ರಲ್ಲಿ ಕ್ಯಾನಬಿಸ್ ಬೆರೆತ ತಿನಿಸುಗಳಿಗೆ ಅನುಮತಿ ಕೊಟ್ಟಾಗ, ಅವನ್ನೂ ಮಾರಾಟದ ಸಾಮಾನ್ಯ ತಿನಿಸುಗಳನ್ನೂ ಒಂದೇ ಕಟ್ಟಡದಲ್ಲಿ ತಯಾರಿಸಬಾರದೆಂದು ಕಟ್ಟಪ್ಪಣೆ ಮಾಡಿತು. ಹೆಂಪ್ ಬೀಜಕ್ಕೆ ಅಷ್ಟು ಬಿಗಿಯಾದ ಕಟ್ಟಳೆ ಬೇಕೆಂದು ನನ್ನ ವಾದವಲ್ಲ. ಆದರೆ ಈ ವಸ್ತುವನ್ನು ಮುಕ್ತವಾಗಿ ಮಾರಲು ಒಪ್ಪಿದ ದೇಶವೇ ಬೆರಕೆಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿರುವಾಗ, ಒಂದೇ ಎಕ್ಸ್‌ಪೆಲ್ಲರಿನಲ್ಲಿ ಎಲ್ಲವನ್ನೂ ಹಿಂಡುವ ನಾವು ಯಾವ ಭರವಸೆಯ ಮೇಲೆ ನಿಶ್ಚಿಂತರಾಗಿದ್ದೇವೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾಗುತ್ತದೆ.

ತೊಳೆಯುವುದು ಬೇರೆ, ಕ್ರಿಮಿನಾಶ ಬೇರೆ

ಶುದ್ಧಿಯಲ್ಲಿ ಎರಡು ಹಂತಗಳಿವೆ. ಮೊದಲನೆಯದು ಕೊಳೆಯನ್ನು ತೆಗೆಯುವುದು. ಎರಡನೆಯದು ಉಳಿದ ಸೂಕ್ಷ್ಮಾಣುಗಳನ್ನು ಕೊಲ್ಲುವುದು. ಈ ಕ್ರಮ ಹಿಂದುಮುಂದಾಗಬಾರದು. ಜಿಡ್ಡಿನ ಮೇಲೆ ಸುರಿದ ಕ್ಲೋರಿನ್ ದ್ರಾವಣವು ಜಿಡ್ಡಿನೊಡನೆಯೇ ವರ್ತಿಸಿ ಶಕ್ತಿಗುಂದುತ್ತದೆ. ಕೆಳಗಿರುವ ಕ್ರಿಮಿಗೆ ಅದು ತಲುಪುವುದಿಲ್ಲ. ಆದುದರಿಂದ ಬಿಚ್ಚುವುದು, ಕೆರೆಯುವುದು, ಬ್ರಷ್ಷಿನಿಂದ ಉಜ್ಜುವುದು, ಮಾರ್ಜಕದಿಂದ ತೊಳೆಯುವುದು, ಶುದ್ಧ ನೀರಿನಿಂದ ಜಾಲಿಸುವುದು, ಕಣ್ಣಾರೆ ಪರೀಕ್ಷಿಸುವುದು, ಅನಂತರ ಕ್ರಿಮಿನಾಶಕ, ಕೊನೆಗೆ ಪೂರ್ತಿ ಒಣಗಿಸುವುದು ಎಂಬುದೇ ಸರಿಯಾದ ಅನುಕ್ರಮ.

ಎಣ್ಣೆಯ ಯಂತ್ರಗಳಲ್ಲಿ ಒಂದು ವಿಶೇಷ ತೊಡಕಿದೆ. ಹೆಂಪ್ ಮತ್ತು ಅಗಸೆ ಎಣ್ಣೆಗಳು ಗಾಳಿಗೆ ಸಿಕ್ಕಿ ಬೇಗ ಕೆಡುವ ಜಾತಿಯವು. ಲೋಹದ ಮೇಲೆ ಉಳಿದ ತೆಳ್ಳನೆಯ ಪೊರೆ ದಿನ ಕಳೆದಂತೆ ಅರಗಿನಂತೆ ಗಟ್ಟಿಯಾಗುತ್ತದೆ, ಮುಂದಿನ ಲಾಟಿನ ಹೊಸ ಎಣ್ಣೆಗೂ ಮುಗ್ಗಲು ವಾಸನೆ ಹಿಡಿಸುತ್ತದೆ. ಇದಕ್ಕೆ ಬಿಸಿನೀರಿನೊಡನೆ ಕ್ಷಾರದ ಮಾರ್ಜಕ ಬೇಕು. ಆದರೆ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಭಾಗಗಳನ್ನು ತಿಂದುಹಾಕುತ್ತದೆ; ಕ್ಲೋರಿನ್ನು ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಹೆಚ್ಚು ಹೊತ್ತು ನಿಂತರೆ ಗುಳಿ ಬೀಳಿಸುತ್ತದೆ. ಯಾವ ಲೋಹಕ್ಕೆ ಯಾವ ದ್ರಾವಣ ಎಂಬುದನ್ನು ಯಂತ್ರ ಸರಬರಾಜು ಮಾಡಿದವರಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಕ್ರಿಮಿನಾಶಕದ ಪ್ರಮಾಣವನ್ನೂ ಅಂದಾಜಿನ ಮೇಲೆ ಬಿಡಲಾಗದು. ಶೇ. 4ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಲೀಟರ್ ನೀರಿಗೆ 5 ಮಿಲಿಲೀಟರಿನಂತೆ ಬೆರೆಸಿದರೆ ಸುಮಾರು 200 ಪಿ.ಪಿ.ಎಂ. ಸಾಂದ್ರತೆ ದೊರೆಯುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಶುದ್ಧಿ ಎಂಬ ಭಾವನೆ ತಪ್ಪು. ಉಳಿದ ರಾಸಾಯನಿಕವೇ ಮುಂದಿನ ಲಾಟಿಗೆ ಬೆರಕೆಯಾಗುತ್ತದೆ. ಹಳೆಯ ಡಬ್ಬಿಯ ದ್ರಾವಣ ದಿನಗಳೆದಂತೆ ಶಕ್ತಿ ಕಳೆದುಕೊಳ್ಳುವುದರಿಂದ ತಯಾರಿಕೆಯ ದಿನಾಂಕವನ್ನು ನೋಡಿ ಕೊಳ್ಳತಕ್ಕದ್ದು. ಕ್ಲೋರಿನ್ ದ್ರಾವಣವನ್ನು ಆಮ್ಲದೊಂದಿಗೆ ಅಥವಾ ಅಮೋನಿಯಾದೊಂದಿಗೆ ಎಂದಿಗೂ ಬೆರೆಸಬಾರದು, ವಿಷಾನಿಲ ಹೊಮ್ಮುತ್ತದೆ. ಈ ಮಾತನ್ನು ತೊಳೆಯುವ ಜಾಗದಲ್ಲಿ ಕೆಲಸಗಾರರು ಓದಬಲ್ಲ ಭಾಷೆಯಲ್ಲಿ ದಪ್ಪಕ್ಷರದಲ್ಲಿ ಬರೆಸಿ ಹಾಕಬೇಕು.

ಎಲೆ, ಹೂವುಗಳನ್ನು ಸಂಸ್ಕರಿಸುವ ಪರದೇಶದ ಪರವಾನಗಿ ಪಡೆದ ಘಟಕಗಳಲ್ಲಿ ಕತ್ತರಿ ಯಂತ್ರಗಳ ಅಂಟನ್ನು ತೆಗೆಯಲು ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸುತ್ತಾರೆ. ಅಂಟನ್ನು ಕರಗಿಸಲು ಗಾಢವಾದ ಆಲ್ಕೋಹಾಲ್ ಸಮರ್ಥ. ಕ್ರಿಮಿಗಳನ್ನು ಕೊಲ್ಲಲು ಮಾತ್ರ ನೀರು ಬೆರೆತ ಶೇ. 70ರ ದ್ರಾವಣವೇ ಮೇಲು. ಒಂದೇ ಡಬ್ಬಿ ಎರಡೂ ಕೆಲಸಕ್ಕೆ ಒದಗದು. ಇದರ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿಯೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ನಮ್ಮ ನಾಡಿನ ಹವೆಯಲ್ಲಿ ವರ್ಷದ ಬಹುತೇಕ ದಿನಗಳೂ ಅಪಾಯದ ದಿನಗಳೇ. ಮೋಟಾರು ಆರಿಸದೆ, ಗಾಳಿಯಾಡದ ಕೋಣೆಯಲ್ಲಿ ಇದನ್ನು ಬಳಸುವುದು ಬೆಂಕಿಯೊಡನೆ ಸರಸವಾಡಿದಂತೆ.

ಬೆಂಕಿಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಅಗಸೆ ಅಥವಾ ಹೆಂಪ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಯಾಗಿ ಮೂಲೆಗೆ ಎಸೆದರೆ, ಎಣ್ಣೆಯು ಗಾಳಿಯೊಡನೆ ವರ್ತಿಸಿ ಒಳಗೊಳಗೇ ಕಾದು, ಯಾರೂ ಕಡ್ಡಿ ಗೀರದಿದ್ದರೂ ತಾನಾಗಿ ಹೊತ್ತಿಕೊಳ್ಳುವ ಸಂಭವವಿದೆ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ಹಾಕಿ, ಅದರಲ್ಲಿ ಈ ಬಟ್ಟೆಗಳನ್ನು ಮುಳುಗಿಸಿಟ್ಟರೆ ಆಯಿತು. ಕೆಲವೇ ನೂರು ರೂಪಾಯಿಯ ಈ ಡಬ್ಬಿ ಗೋದಾಮನ್ನೇ ಉಳಿಸಬಲ್ಲದು.

ಧೂಳೂ ಕೊಳೆಯೇ

ಹಿಟ್ಟು, ಮೆಣಸಿನಪುಡಿ, ಮಸಾಲೆ ಘಟಕಗಳ ಮಾಲೀಕರು ಈ ಲೇಖನ ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸದಿರಲಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕ್ಯಾನಬಿಸ್ ಪುಡಿ ಮಾಡುವ ಘಟಕವೊಂದರ 27 ವರ್ಷದ ಕೆಲಸಗಾರ್ತಿ 2022ರ ಜನವರಿಯಲ್ಲಿ ಉಬ್ಬಸದಿಂದ ಮೃತಪಟ್ಟರು. ಕೆಲಸದ ಸ್ಥಳದ ಧೂಳಿಗೆ ಸಂಬಂಧಿಸಿದ ಉಬ್ಬಸವೆಂದು ಆ ದೇಶದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯು 2023ರ ನವೆಂಬರಿನಲ್ಲಿ ವರದಿ ಮಾಡಿತು. ಪುಡಿಯ ಧೂಳು ಶ್ವಾಸಕೋಶವನ್ನು ಬಾಧಿಸುವುದು ಒಂದು ಗಿಡಕ್ಕೆ ಸೀಮಿತವಾದ ಸಂಗತಿಯಲ್ಲ. ಗೋಧಿ ಹಿಟ್ಟಿನ ಧೂಳಿನಿಂದ ಬರುವ ಉಬ್ಬಸವು ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ತಿಳಿದಿರುವ ಕಾಯಿಲೆ.

ಒಣ ಪದಾರ್ಥಗಳ ಯಂತ್ರಗಳಿಗೆ ನೀರು ತಾಗಿಸುವುದಕ್ಕಿಂತ ಒಣಶುದ್ಧಿಯೇ ಮೇಲು. ಅರೆಬರೆ ಒಣಗಿದ ಯಂತ್ರದಲ್ಲಿ ಉಳಿದ ಹಿಟ್ಟು ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳಿಂದಲೇ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುವುದು, ನಮ್ಮ ಮೆಣಸಿನಕಾಯಿ ಮತ್ತು ಶೇಂಗಾ ರಫ್ತುದಾರರು ಬಂದರಿನಲ್ಲಿ ಎದುರಿಸುವ ತಕರಾರುಗಳಲ್ಲಿ ಇದೂ ಒಂದು. ಆದರೆ ಒಣಶುದ್ಧಿ ಎಂದರೆ ಕಂಪ್ರೆಸರಿನ ಗಾಳಿಯಿಂದ ಧೂಳೆಬ್ಬಿಸುವುದಲ್ಲ. ಹಾಗೆ ಮಾಡಿದಾಗ ಯಂತ್ರದ ಕೊಳೆ ಕೆಲಸಗಾರನ ಎದೆಗೂ ಪಕ್ಕದ ಯಂತ್ರಕ್ಕೂ ವರ್ಗಾವಣೆಯಾಗುತ್ತದೆ. ಸೂಕ್ಷ್ಮ ಕಣಗಳನ್ನು ತಡೆಯಬಲ್ಲ ಸೋಸುಕವಿರುವ ವ್ಯಾಕ್ಯೂಮ್ ಯಂತ್ರ ಹಾಗೂ ಬ್ರಷ್ಷುಗಳೇ ಇದಕ್ಕೆ ಸರಿಯಾದ ಸಾಧನಗಳು.

ಲೆಕ್ಕ ಹೇಳುವುದೇನು?

ಈಗ ನನ್ನ ವೃತ್ತಿಗೆ ಸೇರಿದ ಭಾಗಕ್ಕೆ ಬರುತ್ತೇನೆ. ‘ಇಷ್ಟೆಲ್ಲ ಮಾಡಿದರೆ ಗಿಟ್ಟುತ್ತದೆಯೇ?’ ಎಂಬುದು ಗಾಣದ ಮಾಲೀಕರ ಸಹಜ ಪ್ರಶ್ನೆ. ಒಂದು ಕಾಲ್ಪನಿಕ ಉದಾಹರಣೆಯಿಂದ ಉತ್ತರಿಸಬಹುದು.

ಒಂದು ಘಟಕವು ತಿಂಗಳಿಗೆ 8,000 ಕಿಲೋ ಬೀಜ ಹಿಂಡುತ್ತದೆ, ಸರಕು ಬದಲಾದಾಗ ತಿಂಗಳಿಗೆ 12 ಬಾರಿ ಯಂತ್ರವನ್ನು ಶುದ್ಧಗೊಳಿಸುತ್ತದೆ, ಪ್ರತಿ ಬಾರಿ ಒಂದೂವರೆ ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಯಂತ್ರದ ಗಂಟೆಯ ದರ 500 ರೂ. ಆದರೆ 18 ಗಂಟೆಗೆ 9,000 ರೂ. ಇಬ್ಬರು ಕೆಲಸಗಾರರ ಕೂಲಿ ಗಂಟೆಗೆ ತಲಾ 80 ರೂ.ನಂತೆ 2,880 ರೂ. ಮಾರ್ಜಕ, ಬ್ರಷ್ಷು, ಬಟ್ಟೆ ಇತ್ಯಾದಿ 2,500 ರೂ. ಶುದ್ಧಿಯ ನಂತರ ಮೊದಲು ಬರುವ ಎಣ್ಣೆಯನ್ನು ಬೇರೆ ತೆಗೆದಿಡುವುದು ಕ್ಷೇಮ. ಪ್ರತಿ ಬಾರಿ 2 ಕಿಲೋ, ಕಿಲೋಗೆ 200 ರೂ.ನಂತೆ 4,800 ರೂ. ಒಟ್ಟು ತಿಂಗಳಿಗೆ 19,180 ರೂ.

ಈ ಮೊತ್ತವನ್ನು 8,000 ಕಿಲೋಗೆ ಹಂಚಿದರೆ ಕಿಲೋಗೆ ಸುಮಾರು 2 ರೂ. 40 ಪೈಸೆ. ಬಹುತೇಕ ಘಟಕಗಳು ಲೆಕ್ಕ ಮಾಡಿದರೂ ಹೀಗೆಯೇ ಮಾಡುತ್ತವೆ. ಆದರೆ ಇದು ದಾರಿ ತಪ್ಪಿಸುವ ಲೆಕ್ಕ. ಶುದ್ಧಿಯ ವೆಚ್ಚ ಹುಟ್ಟುವುದು ಬೀಜದ ತೂಕದಿಂದಲ್ಲ, ಸರಕಿನ ಬದಲಾವಣೆಯಿಂದ. 12 ಬದಲಾವಣೆಗಳಿಗೆ ಹಂಚಿದರೆ ಪ್ರತಿ ಬದಲಾವಣೆಗೆ ಸುಮಾರು 1,600 ರೂ. ಸಾವಿರ ಕಿಲೋ ಶೇಂಗಾ ತಂದ ಗಿರಾಕಿಗೆ ಇದು ಕಿಲೋಗೆ 1 ರೂ. 60 ಪೈಸೆ, ನೂರು ಕಿಲೋ ಹೆಂಪ್ ಬೀಜ ತಂದವನಿಗೆ ಕಿಲೋಗೆ 16 ರೂ. ಎಲ್ಲರಿಗೂ 2 ರೂ. 40 ಪೈಸೆ ಹಾಕಿದಾಗ ಖಾಯಂ ಗಿರಾಕಿಯ ಜೇಬಿನಿಂದ ತೆಗೆದು ಅಪರೂಪದ ಗಿರಾಕಿಗೆ ದಾನ ಮಾಡಿದಂತಾಗುತ್ತದೆ. ದೊಡ್ಡ ಗಿರಾಕಿ ಪಕ್ಕದ ಗಾಣಕ್ಕೆ ಹೋಗುತ್ತಾನೆ; ಸಣ್ಣ ಲಾಟುಗಳು ಮಾತ್ರ ಉಳಿಯುತ್ತವೆ; ಕೊನೆಗೆ ತೊಳೆಯುವುದನ್ನೇ ಕಡಿಮೆ ಮಾಡಿ ಸರಿದೂಗಿಸುವ ದುರಾಲೋಚನೆ ಹುಟ್ಟುತ್ತದೆ. ಆದ್ದರಿಂದ ಬಿಲ್ಲಿನಲ್ಲಿ ‘ಯಂತ್ರಶುದ್ಧಿ ಶುಲ್ಕ, ಒಂದು ಬದಲಾವಣೆಗೆ ಇಂತಿಷ್ಟು’ ಎಂಬ ಪ್ರತ್ಯೇಕ ಸಾಲು ಇರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎದುರು ತಟ್ಟೆಯಲ್ಲಿ ಏನಿದೆಯೆಂದೂ ತೂಗೋಣ. ಕಿಲೋಗೆ 200 ರೂ. ಬೆಲೆಯ 500 ಕಿಲೋ ಶೇಂಗಾ ಎಣ್ಣೆ ಬೆರಕೆಯಿಂದ ಕೆಟ್ಟಿತೆಂದರೆ ಒಂದು ಲಕ್ಷ ರೂ. ಹೋಯಿತು. ಅದು 62 ಬಾರಿ ಯಂತ್ರ ತೊಳೆಯುವ ವೆಚ್ಚಕ್ಕೆ, ಅಂದರೆ ಐದು ತಿಂಗಳ ಶುದ್ಧಿಗೆ ಸಮ. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)(ಎಚ್) ಕಲಮಿನನ್ವಯ ನಾಶಪಡಿಸಿದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು. ಸರಕು ಗಿರಾಕಿಯದಾಗಿದ್ದರೆ ಆತ ಆ ಹೊರೆಯನ್ನೂ ನಿಮ್ಮ ಮೇಲೆಯೇ ಹೊರಿಸಲು ಬಯಸುತ್ತಾನೆ. ಸಾಮಾನ್ಯ ಬೆಂಕಿ ವಿಮೆಯು ಇಂಥ ಬೆರಕೆಯ ನಷ್ಟವನ್ನು ತುಂಬಿಕೊಡುವಂಥದಲ್ಲ. ಅದಕ್ಕೆ ಉತ್ಪನ್ನ ಹೊಣೆಗಾರಿಕೆಯ ಬೇರೆ ಪಾಲಿಸಿ ಬೇಕು.

ಇದರ ಮೇಲೆ ದಂಡ, ಪರಿಹಾರಗಳ ಬಾಧ್ಯತೆ. 2006ರ ಆಹಾರ ಸುರಕ್ಷತಾ ಕಾಯಿದೆಯು ಅನೈರ್ಮಲ್ಯದ ಸ್ಥಿತಿಯಲ್ಲಿ ಆಹಾರ ತಯಾರಿಸಿದವರಿಗೆ 56ನೇ ಕಲಮಿನಲ್ಲಿ ಒಂದು ಲಕ್ಷ ರೂ.ವರೆಗೆ ದಂಡವನ್ನು ಗೊತ್ತುಪಡಿಸಿತು. ಆಹಾರದಿಂದ ಪ್ರಾಣಹಾನಿಯಾದರೆ ಐದು ಲಕ್ಷ ರೂ.ಗೆ ಕಡಿಮೆಯಿಲ್ಲದ ಪರಿಹಾರಕ್ಕೆ 65ನೇ ಕಲಮಿನಲ್ಲಿ ಅವಕಾಶ ಕಲ್ಪಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉತ್ಪನ್ನ ಹೊಣೆಗಾರಿಕೆಯೆಂಬ ಪ್ರತ್ಯೇಕ ಅಧ್ಯಾಯವನ್ನೇ ತಂದಿದೆ. ಅಪರಾಧಕ್ಕಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ವೆಚ್ಚವೆಂದು ಕಳೆಯಲೂ ಬರುವುದಿಲ್ಲ. ಶುದ್ಧಿಯ ವೆಚ್ಚವಾದರೋ ಪೂರ್ತಿಯಾಗಿ ಕಳೆಯಬರುವ ವೆಚ್ಚ. ಸರ್ಕಾರವೇ ಒಂದು ಭಾಗವನ್ನು ಹೊರುವ ವೆಚ್ಚವನ್ನು ಉಳಿಸಿ, ತಾನೊಬ್ಬನೇ ಹೊರಬೇಕಾದ ದಂಡವನ್ನು ಎಳೆದುಕೊಳ್ಳುವುದು ಯಾವ ಜಾಣತನ?

ದಾಖಲೆಯೇ ಸಾಕ್ಷಿ

ತೊಳೆದರೆ ಸಾಲದು, ತೊಳೆದದ್ದು ದಾಖಲಾಗಬೇಕು. ನೂರು ಪುಟದ ಒಂದು ರಿಜಿಸ್ಟರ್ ಸಾಕು. ದಿನಾಂಕ, ವೇಳೆ, ಹಿಂದಿನ ಲಾಟು ಯಾವುದು, ಮುಂದಿನ ಲಾಟು ಯಾವುದು, ಯಾವ ದ್ರಾವಣ ಎಷ್ಟು ಪ್ರಮಾಣದಲ್ಲಿ ಬಳಸಲಾಯಿತು, ತೊಳೆದವರು ಯಾರು, ಪರೀಕ್ಷಿಸಿದವರು ಯಾರು, ಇಬ್ಬರ ಸಹಿ. ತೊಳೆದವನೇ ಪರೀಕ್ಷಕನಾಗಬಾರದು, ನಗದು ಹಿಡಿಯುವವನೇ ನಗದು ಪುಸ್ತಕ ತಾಳೆ ನೋಡಬಾರದೆಂಬ ನಿಯಮದ ಹಿಂದಿರುವ ತತ್ವವೇ ಇಲ್ಲಿಯೂ ಇದೆ. ಬಿಳಿಯ ಬಟ್ಟೆಯಿಂದ ಒರೆಸಿ ನೋಡುವುದು ಅಗ್ಗದ ಪರೀಕ್ಷೆ. ಉಳಿದ ಜೈವಿಕ ಕೊಳೆಯನ್ನು ಅಳೆಯುವ ಎ.ಟಿ.ಪಿ. ಸ್ವಾಬ್ ಪರೀಕ್ಷೆ ಅದಕ್ಕಿಂತ ನಂಬಲರ್ಹ. ಹೆಂಪ್ ಅಂಶಕ್ಕಾದರೆ ಮಾನ್ಯತೆ ಪಡೆದ ಪ್ರಯೋಗಾಲಯವೇ ಬೇಕು. ಪ್ರತಿ ಲಾಟಿನ ಒಂದು ಸೀಸೆ ಮಾದರಿಯನ್ನು ಮುದ್ರೆ ಹಾಕಿ ತೆಗೆದಿಟ್ಟುಕೊಂಡರೆ ನಾಳೆ ವಾದ ಬಂದಾಗ ಅದೇ ನಿಮ್ಮ ಪರ ವಕೀಲ.

ಕೂಲಿ ಕರಾರು ಕೂಡ ಬಾಯಿಮಾತಿನದಾಗಿರಬಾರದು. ಹೆಂಪ್ ಬೀಜ ತಂದವರಿಂದ ಬೀಜದ ಮೂಲ, ಬೆಳೆಗಾರನ ಪರವಾನಗಿ, ಪ್ರಯೋಗಾಲಯದ ವರದಿ, ಹೂತುದಿ ಬೆರೆತಿಲ್ಲವೆಂಬ ಬರಹ ಇವಿಷ್ಟನ್ನು ಪಡೆಯದೆ ಚೀಲ ಇಳಿಸಿಕೊಳ್ಳತಕ್ಕದ್ದಲ್ಲ. ನಿಮ್ಮ ಆಹಾರ ಪರವಾನಗಿಯಲ್ಲಿ ಈ ಪದಾರ್ಥ ಸೇರಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಸಾಧ್ಯವಿದ್ದವರು ಇದಕ್ಕೆ ಪ್ರತ್ಯೇಕ ಸಣ್ಣ ಯಂತ್ರವನ್ನೇ ಮೀಸಲಿಡಲಿ. ಅದಾಗದವರು ಕನಿಷ್ಠ ಸೋಸುವ ಬಟ್ಟೆ, ಡಬ್ಬಿ, ಕೊಳವೆ, ಬ್ರಷ್ಷುಗಳನ್ನಾದರೂ ಬೇರೆ ಬಣ್ಣದ ಗುರುತಿನೊಡನೆ ಬೇರೆ ಇಡಲಿ. ಸೋಸುವ ಬಟ್ಟೆಯಷ್ಟು ಹಿಂದಿನ ಸರಕನ್ನು ಹಿಡಿದಿಟ್ಟುಕೊಳ್ಳುವ ವಸ್ತು ಗಾಣದಲ್ಲಿ ಬೇರೊಂದಿಲ್ಲ. ಇದಾವುದೂ ಆಗದವರು ಈ ಸರಕನ್ನು ವಿನಯದಿಂದ ನಿರಾಕರಿಸುವುದೇ ಲೇಸು.

ಅಧಿಕಾರಿಗಳ ಪಾಲಿನ ಕರ್ತವ್ಯ

ಹೊಣೆ ಉದ್ದಿಮೆದಾರನೊಬ್ಬನದೇ ಎಂದು ನಾನು ಹೇಳುವುದಿಲ್ಲ. 2011ರ ಪರವಾನಗಿ ಮತ್ತು ನೋಂದಣಿ ನಿಯಮಗಳ ಶೆಡ್ಯೂಲ್ 4ರಲ್ಲಿ ನೈರ್ಮಲ್ಯದ ಕ್ರಮಗಳು ವಿವರವಾಗಿವೆ. ಅವು ಓದಬಲ್ಲವರ ಕೈಗೆ ಮಾತ್ರ ದಕ್ಕುವಂತಿರಬಾರದು. ಒಂಟಿ ಗಾಣ ನಡೆಸುವವನಿಗೆ ಬೇಕಾದುದು ಎರಡು ಪುಟದ ಕನ್ನಡ ಕೈಪಿಡಿ ಮತ್ತು ಒಂದು ಮಾದರಿ ರಿಜಿಸ್ಟರ್. ತಪಾಸಣೆಗೆ ಬರುವ ಅಧಿಕಾರಿಯು ಮೊದಲು ಆ ರಿಜಿಸ್ಟರನ್ನು ಓದಲಿ, ಅದನ್ನು ಪ್ರಾಮಾಣಿಕವಾಗಿ ಇಟ್ಟವನಿಗೆ ಮನ್ನಣೆ ಕೊಡಲಿ. ದಾಖಲೆ ಇಟ್ಟವನೂ ಇಡದವನೂ ಒಂದೇ ಬಗೆಯ ಕಿರಿಕಿರಿಗೆ ಗುರಿಯಾಗುವುದಾದರೆ ದಾಖಲೆ ಇಡುವವರು ಯಾರು? ಟಿ.ಎಚ್.ಸಿ. ಪರೀಕ್ಷೆಯ ದರವು ಸಣ್ಣ ಲಾಟಿನ ಕೂಲಿಯನ್ನೇ ನುಂಗುವಂತಿದ್ದರೆ ಪರೀಕ್ಷೆ ತಪ್ಪಿಸುವ ದಾರಿಯನ್ನೇ ಜನ ಹುಡುಕುತ್ತಾರೆ.

ನಮ್ಮ ವಾಣಿಜ್ಯ ಸಂಸ್ಥೆಯು ಈ ದಿಸೆಯಲ್ಲಿ ಮೂರು ಕೆಲಸಗಳನ್ನು ಕೈಗೊಳ್ಳಬಹುದೆಂದು ಸೂಚಿಸುತ್ತೇನೆ. ಮೊದಲನೆಯದು, ಗಾಣ, ಗಿರಣಿ ಮತ್ತು ಗಿಡಮೂಲಿಕೆ ಘಟಕಗಳಿಗೆ ಯಂತ್ರಶುದ್ಧಿಯ ಅರ್ಧ ದಿನದ ಕಾರ್ಯಾಗಾರ. ಅದಕ್ಕೆ ಮಾಲೀಕರಷ್ಟೇ ಅಲ್ಲ, ತೊಳೆಯುವ ಕೆಲಸಗಾರರೂ ಬರಬೇಕು. ಎರಡನೆಯದು, ಸದಸ್ಯರೆಲ್ಲರೂ ಬಳಸಬಹುದಾದ ಮಾದರಿ ರಿಜಿಸ್ಟರ್ ಮತ್ತು ಕೂಲಿ ಕರಾರಿನ ನಮೂನೆ. ಮೂರನೆಯದು, ಹತ್ತಾರು ಘಟಕಗಳ ಮಾದರಿಗಳನ್ನು ಒಟ್ಟುಗೂಡಿಸಿ ಒಂದೇ ಪ್ರಯೋಗಾಲಯಕ್ಕೆ ಕಳುಹಿಸಿ ದರದಲ್ಲಿ ರಿಯಾಯಿತಿ ಪಡೆಯುವ ಏರ್ಪಾಟು.

ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಬರುವ ತಿಂಗಳ ಒಂದನೇ ತಾರೀಖಿನಿಂದ ಖತಾವಣಿಯಲ್ಲಿ ‘ಯಂತ್ರಶುದ್ಧಿ’ ಎಂಬ ಹೊಸ ಖಾತೆಯೊಂದನ್ನು ತೆರೆಯಿರಿ. ಸಾಮಗ್ರಿ, ಕೂಲಿ, ಯಂತ್ರ ನಿಂತ ವೇಳೆ ಮೂರನ್ನೂ ಅದಕ್ಕೆ ಖರ್ಚು ಬರೆಯಿರಿ. ಮೂರು ತಿಂಗಳಲ್ಲಿ ನಿಮ್ಮ ಘಟಕದ ನಿಜವಾದ ಅಂಕಿ ನಿಮ್ಮ ಮುಂದಿರುತ್ತದೆ. ಅದನ್ನು ಗಿರಾಕಿಯ ಮುಂದಿಟ್ಟು ನ್ಯಾಯವಾದ ಶುಲ್ಕ ಕೇಳಲು ಆಗ ಸಂಕೋಚವಿರುವುದಿಲ್ಲ.